ಬಣ್ಣದ ಹದ

ಕನ್ನಡದಲ್ಲಿ ‘ಹದ’ ಎಂಬುದು ಎರಡಕ್ಷರದ ಪುಟ್ಟ ಮಾತು. ಆದರೆ ಅದರ ವ್ಯಾಪ್ತಿ ಹಿರಿದು. ಬಿತ್ತುವವನಿಗೆ ಮಣ್ಣಿನ ಹದ ತಿಳಿದಿರಬೇಕು. ಬೆಲ್ಲ ಕಾಯಿಸುವವನಿಗೆ ಪಾಕದ ಹದ ತಿಳಿದಿರಬೇಕು. ಕುಂಬಾರನಿಗೆ ಜೇಡಿಮಣ್ಣಿನ ಹದ ತಿಳಿದಿರಬೇಕು. ತುರುವೇಕೆರೆ ತಾಲ್ಲೂಕಿನ ದಂಡಿನಶಿವರದಂತಹ ತೆಂಗಿನ ಸೀಮೆಯ ಊರುಗಳಲ್ಲಿ ಬೆಳೆದ ಮಕ್ಕಳಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಬಲಿತ ಕಾಯಿಗಳನ್ನು ಅಟ್ಟಕ್ಕೇರಿಸಿ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗುತ್ತದೆ. ತಿರುಳು ಮೆಲ್ಲಮೆಲ್ಲನೆ ಒಣಗಿ ಕರಟದಿಂದ ಬಿಡಿಸಿಕೊಳ್ಳುತ್ತದೆ. ಕಾಯನ್ನು ಅಲ್ಲಾಡಿಸಿದಾಗ ಒಳಗೆ ಗಿಟುಕು ಉರುಳುವ ಸದ್ದು ಕೇಳಿಸಿದರೆ ಅದು ಉಂಡೆಕೊಬ್ಬರಿಯಾಯಿತೆಂದು ಅರ್ಥ. ಅವಸರಪಟ್ಟು ಮೊದಲೇ ಒಡೆದರೆ ಅದು ಅಡಿಗೆಯ ಕಾಯಿಯೂ ಅಲ್ಲ, ಸಂತೆಯ ಕೊಬ್ಬರಿಯೂ ಅಲ್ಲ. ಒಣಗುವುದಕ್ಕೆ ಬೇಕಾದ ಕಾಲವನ್ನು ಕೊಡುವುದೂ ಹದದ ಒಂದು ಭಾಗವೇ ಆಗಿದೆ.

ಬಣ್ಣಕ್ಕೂ ಇಂತಹದೇ ಒಂದು ಹದವುಂಟು. ಗೋಡೆಗೆ ಬಳಿಯುವ ಬಣ್ಣದಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ನಡೆದೀತು. ಆದರೆ ನಾಲ್ಕು ಬೆರಳೆತ್ತರದ ಗೊಂಬೆಗೆ, ಅಂಗೈಯಲ್ಲಿ ಅಡಗುವ ಕಿರುಚಿತ್ರಕ್ಕೆ ಬಣ್ಣ ಹಾಕುವಾಗ ಹದ ತಪ್ಪಿದರೆ ತಿಂಗಳ ಶ್ರಮ ಒಂದು ಗಳಿಗೆಯಲ್ಲಿ ಹಾಳಾಗುತ್ತದೆ. ಗಟ್ಟಿ ಬಣ್ಣ ಬಿದ್ದರೆ ಗೊಂಬೆಯ ಕಣ್ಣು ಮುಚ್ಚಿಹೋಗುತ್ತದೆ; ನೀರು ಹೆಚ್ಚಾದರೆ ಬಣ್ಣ ನಿಲ್ಲದೆ ಹರಿದು ಕಲೆಯಾಗುತ್ತದೆ. ಈ ಎರಡರ ನಡುವಣ ಹದವನ್ನು ಅರಿಯುವುದೇ ತೆಳುವರ್ಣದ ವಿದ್ಯೆ.

ಯಾವ ಬಣ್ಣವನ್ನೇ ತೆಗೆದುಕೊಂಡರೂ ಅದರಲ್ಲಿ ಮುಖ್ಯವಾಗಿ ಮೂರು ಅಂಶಗಳಿರುತ್ತವೆ. ಮೊದಲನೆಯದು ಬಣ್ಣವನ್ನು ಕೊಡುವ ನುಣುಪಾದ ಪುಡಿ, ಇದನ್ನು ವರ್ಣದ್ರವ್ಯವೆನ್ನುತ್ತಾರೆ. ಎರಡನೆಯದು ಆ ಪುಡಿಯ ಕಣಗಳನ್ನು ಒಂದಕ್ಕೊಂದು ಬಂಧಿಸಿ, ಮೇಲ್ಮೈಗೆ ಅಂಟಿಸುವ ಬಂಧಕ. ಮೂರನೆಯದು ಇವೆರಡನ್ನೂ ಕುಂಚದಿಂದ ಹರಡಲು ಅನುವಾಗುವಂತೆ ಮಾಡುವ ನೀರು ಅಥವಾ ಮತ್ತೊಂದು ದ್ರವ. ದ್ರವವು ತನ್ನ ಕೆಲಸ ಮುಗಿದೊಡನೆ ಆವಿಯಾಗಿ ಹೋಗುತ್ತದೆ. ಉಳಿಯುವುದು ಪುಡಿ ಮತ್ತು ಬಂಧಕ ಮಾತ್ರ.

ಮೈಸೂರಿನ ಸಾಂಪ್ರದಾಯಿಕ ಚಿತ್ರಕಾರರು ಈ ಮೂರನ್ನೂ ತಾವೇ ಸಿದ್ಧಪಡಿಸಿಕೊಳ್ಳುತ್ತಿದ್ದರು. ಹುಣಸೆಯ ಕಡ್ಡಿಗಳನ್ನು ಸುಟ್ಟು ಮಾಡಿದ ಇದ್ದಿಲಿನಿಂದ ರೇಖೆಯನ್ನು ಬರೆಯುತ್ತಿದ್ದರು. ಕಾವಿ ಮಣ್ಣು, ಇಂಗಳೀಕ, ಹರಿದಳ, ನೀಲಿ, ದೀಪದ ಕಾಡಿಗೆ ಮೊದಲಾದವುಗಳನ್ನು ಅರೆದು, ಅಂಟಿನೊಡನೆ ಕಲಸಿ ಬಣ್ಣಗಳನ್ನು ಪಡೆಯುತ್ತಿದ್ದರು. ಅಳಿಲಿನ ಕೂದಲಿನಿಂದ ಕಟ್ಟಿದ ಕುಂಚಗಳು ಅವರ ಸೂಕ್ಷ್ಮ ಕೆಲಸಕ್ಕೆ ಒದಗುತ್ತಿದ್ದವು. ಇಂದು ಅಂಗಡಿಯಲ್ಲಿ ದೊರೆಯುವ ಆಕ್ರಿಲಿಕ್ ಬಣ್ಣದಲ್ಲಿಯೂ ಇರುವುದು ಇದೇ ಮೂರು ಅಂಶಗಳು. ಆದರೆ ಇಲ್ಲಿ ಗೋಂದಿನ ಸ್ಥಾನವನ್ನು ಆಕ್ರಿಲಿಕ್ ಎಂಬ ಪ್ಲಾಸ್ಟಿಕ್ ವಸ್ತುವಿನ ಅತಿ ಸಣ್ಣ ಕಣಗಳು ಆಕ್ರಮಿಸಿವೆ. ನೀರಿನಲ್ಲಿ ಬೆರೆಯುವ ಈ ಬಗೆಯ ಬಣ್ಣ 1950ರ ದಶಕದಲ್ಲಿ ಕಲಾವಿದರ ಬಳಕೆಗೆ ಬಂದಿತು. ಹಸಿಯಾಗಿರುವಾಗ ಇದಕ್ಕೆ ನೀರೇ ಸಾಕು. ನೀರು ಆವಿಯಾದಂತೆ ಪ್ಲಾಸ್ಟಿಕ್ ಕಣಗಳು ಒಂದರ ಪಕ್ಕಕ್ಕೊಂದು ಸರಿದು, ಬೆಸೆದುಕೊಂಡು, ತೆಳುವಾದ ಪೊರೆಯಾಗುತ್ತವೆ. ಆ ಬಳಿಕ ಅದು ನೀರಿಗೆ ಕರಗದು.

ಬಣ್ಣವನ್ನು ತೆಳುಮಾಡುವುದೆಂದರೆ ನೀರು ಸುರಿಯುವುದೆಂದೇ ಹಲವರ ಭಾವನೆ. ಮಜ್ಜಿಗೆಗೆ ನೀರು ಬೆರೆಸಿದಷ್ಟು ಸುಲಭದ ಕೆಲಸ ಇದಲ್ಲ. ನೀರು ಹೆಚ್ಚಿದಂತೆ ವರ್ಣದ್ರವ್ಯ ವಿರಳವಾಗುವುದು ಮಾತ್ರವಲ್ಲ, ಬಂಧಕವೂ ವಿರಳವಾಗುತ್ತದೆ. ಬಂಧಕದ ಕಣಗಳು ದೂರದೂರವಾದರೆ ಅವು ಕೂಡಿ ಗಟ್ಟಿಯಾದ ಪೊರೆ ಕಟ್ಟಲಾರವು. ಅಂತಹ ಬಣ್ಣ ಒಣಗಿದ ಮೇಲೂ ಕೈ ಸೋಕಿದರೆ ಪುಡಿಯಾಗಿ ಉದುರಬಹುದು. ಮೇಲೊಂದು ಲೇಪ ಕೊಡುವಾಗ ಎದ್ದು ಬರಬಹುದು. ಆದುದರಿಂದ ಬಹಳ ತೆಳುವಾದ ಬಣ್ಣ ಬೇಕಾದಾಗ ಬರಿಯ ನೀರಿಗೆ ಬದಲಾಗಿ ‘ಮೀಡಿಯಂ’ ಎಂಬ ದ್ರವವನ್ನು ಬಳಸುತ್ತಾರೆ. ಮೀಡಿಯಂ ಎಂದರೆ ವರ್ಣದ್ರವ್ಯವಿಲ್ಲದ ಆಕ್ರಿಲಿಕ್ ಬಂಧಕವೇ. ಅದು ಬಣ್ಣವನ್ನು ತಿಳಿಗೊಳಿಸುತ್ತದೆ, ಆದರೆ ಬಲಗುಂದಿಸುವುದಿಲ್ಲ.

ಚಿಕ್ಕ ಕೃತಿಗೆ ತೆಳುವಾದ ಬಣ್ಣವೇ ಏಕೆ ಬೇಕು? ಮೈಸೂರು ಶೈಲಿಯ ಚಿತ್ರಗಳೇ ಇದಕ್ಕೆ ಉತ್ತರ ಹೇಳುತ್ತವೆ. ಆ ಚಿತ್ರಗಳಲ್ಲಿ ಆಭರಣ, ಕಿರೀಟ, ಸೀರೆಯ ಅಂಚುಗಳ ಮೇಲೆ ‘ಗೆಸ್ಸೊ’ ಎಂಬ ಉಬ್ಬುಗೆಲಸ ಮಾಡಿ ಚಿನ್ನದ ರೇಕನ್ನು ಅಂಟಿಸುತ್ತಾರೆ. ತಂಜಾವೂರು ಶೈಲಿಯಲ್ಲಿ ಈ ಉಬ್ಬು ದಪ್ಪನಾಗಿ ಎದ್ದು ಕಾಣುತ್ತದೆ. ಮೈಸೂರು ಶೈಲಿಯಲ್ಲಿ ಅದು ಬೆರಳಿಗೆ ತಾಗಿಯೂ ತಾಗದಷ್ಟು ತೆಳುವಾಗಿರುತ್ತದೆ. ಅಷ್ಟು ಸೂಕ್ಷ್ಮವಾದ ಉಬ್ಬಿನ ಮೇಲೆ ಗಟ್ಟಿ ಬಣ್ಣದ ಒಂದೇ ಒಂದು ಲೇಪ ಬಿದ್ದರೂ ಕುಶಲಿಗನ ಕೈಚಳಕವೆಲ್ಲ ಅದರಡಿಯಲ್ಲಿ ಹೂತುಹೋಗುತ್ತದೆ.

ಗಂಜೀಫ ಎಲೆಗಳಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಗಂಜೀಫ ಒಂದು ಹಳೆಯ ಎಲೆಯಾಟ. ದಶಾವತಾರ ಗಂಜೀಫದಲ್ಲಿ ಅವತಾರಕ್ಕೊಂದರಂತೆ ಹತ್ತು ವರ್ಗಗಳು. ವರ್ಗವೊಂದಕ್ಕೆ ರಾಜ, ಮಂತ್ರಿ ಮತ್ತು ಹತ್ತು ಅಂಕಿಯ ಎಲೆಗಳು. ಒಟ್ಟು 120 ಎಲೆಗಳು. ಮೈಸೂರನ್ನು ಆಳಿದ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಈ ಆಟದಲ್ಲಿ ವಿಶೇಷ ಆಸಕ್ತಿಯುಳ್ಳವರಾಗಿದ್ದರು. ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಎಂಬ ಭಾಗದಲ್ಲಿ ಹಲವು ಬಗೆಯ ಎಲೆಯಾಟಗಳ ವಿವರಗಳಿವೆ. ಅಂಗೈಯಗಲದ ಎಲೆಯೊಂದರಲ್ಲಿ ದೇವತೆ, ವಾಹನ, ಪರಿವಾರಗಳೆಲ್ಲ ಅಡಗಬೇಕು. ಮುಖವೊಂದಕ್ಕೆ ದೊರೆಯುವ ಸ್ಥಳ ಬೇಳೆಯ ಕಾಳಿನಷ್ಟು. ಅಲ್ಲಿ ಕುಂಚದ ಒಂದು ಹನಿ ಹೆಚ್ಚಾದರೆ ಮಂದಸ್ಮಿತ ಅಳಿಸಿಹೋಗಿ ಬರಿಯ ಚುಕ್ಕೆ ಉಳಿಯುತ್ತದೆ.

ತೆಳುಮಾಡಿದ ಬಣ್ಣವನ್ನು ಬಳಸುವ ಕ್ರಮಗಳಲ್ಲಿ ಎರಡು ಮುಖ್ಯವಾದವು. ಒಂದಕ್ಕೆ ವಾಶ್ ಎಂದು ಹೆಸರು, ಇನ್ನೊಂದಕ್ಕೆ ಗ್ಲೇಜ್ ಎಂದು ಹೆಸರು. ಎರಡೂ ತೆಳುವರ್ಣಗಳೇ ಆದರೂ ಅವುಗಳ ಸ್ವಭಾವ ಬೇರೆ, ಕೆಲಸವೂ ಬೇರೆ.

ವಾಶ್ ಎಂಬುದು ಹರಿಯುವ ಬಣ್ಣ. ಗೊಂಬೆಯ ಮೇಲೆ ಇದನ್ನು ಹಚ್ಚಿದಾಗ ಉಬ್ಬಿದ ಕಡೆಗಳಿಂದ ಜಾರಿ ತಗ್ಗಿನ ಕಡೆಗಳಲ್ಲಿ ಸೇರುತ್ತದೆ. ರೈತನ ಗೊಂಬೆಯೊಂದಿದೆ ಎಂದುಕೊಳ್ಳೋಣ. ಅವನ ಪಂಚೆಯ ಮಡಿಕೆಗಳಲ್ಲಿ, ರುಮಾಲಿನ ಸುತ್ತುಗಳ ನಡುವೆ, ಬೆರಳುಗಳ ಸಂದಿಯಲ್ಲಿ ಕಪ್ಪುಗಂದು ಬಣ್ಣ ತಾನಾಗಿ ನಿಂತು ನೆರಳನ್ನು ಮೂಡಿಸುತ್ತದೆ. ಮಳೆಯ ನೀರು ಹೊಲದ ಸಾಲುಗಳಲ್ಲಿ ನಿಲ್ಲುವಂತೆಯೇ ಇದು. ಚಿತ್ರಕಾರನು ಒಂದೊಂದು ನೆರಳನ್ನೂ ಬರೆಯಬೇಕಾಗಿಲ್ಲ. ಗೊಂಬೆಯ ಆಕಾರವೇ ಬರೆಯುತ್ತದೆ.

ಆದರೆ ಹರಿಯುವ ಗುಣವೇ ಇದರ ತೊಡಕು ಕೂಡ. ಸಮತಟ್ಟಾದ ಕಡೆಯಲ್ಲಿ ವಾಶ್ ಕೊಳದಂತೆ ನಿಂತು ಒಣಗಿದರೆ, ನಡುವೆ ತಿಳಿಯಾಗಿ ಅಂಚಿನಲ್ಲಿ ಗಾಢವಾದ ಗೆರೆ ಉಳಿಯುತ್ತದೆ. ಕಾಫಿಯ ಹನಿ ಮೇಜಿನ ಮೇಲೆ ಒಣಗಿದಾಗ ಉಳಿಯುವ ಬಳೆಯಾಕಾರದ ಕಲೆಯೂ ಇದೇ ಜಾತಿಯದು. ಇದರ ಕಾರಣವನ್ನು 1997ರಲ್ಲಿ ಶಿಕಾಗೊ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ವಿವರಿಸಿದರು. ಹನಿಯ ಅಂಚಿನಲ್ಲಿ ನೀರು ಬೇಗ ಆವಿಯಾಗುತ್ತದೆ. ಆ ಕೊರತೆಯನ್ನು ತುಂಬಲು ನಡುವಿನ ನೀರು ಅಂಚಿನ ಕಡೆಗೆ ಹರಿಯುತ್ತದೆ. ಹರಿಯುವಾಗ ತನ್ನೊಡನೆ ಕಣಗಳನ್ನೂ ಒಯ್ದು ಅಲ್ಲಿ ರಾಶಿ ಹಾಕುತ್ತದೆ. ಈ ತತ್ತ್ವ ತಿಳಿದವನು ವಾಶ್ ಕೊಟ್ಟು ಸುಮ್ಮನೆ ಕೂರುವುದಿಲ್ಲ. ತೊಳೆದು ಹಿಂಡಿದ ಕುಂಚದ ತುದಿಯನ್ನು ನಿಂತ ಬಣ್ಣಕ್ಕೆ ಸೋಕಿಸಿ ಹೆಚ್ಚಾದುದನ್ನು ಹೀರಿ ತೆಗೆಯುತ್ತಾನೆ. ಮೇಲ್ಮೈ ಜಿಡ್ಡಾಗಿದ್ದು ಬಣ್ಣ ಹನಿಹನಿಯಾಗಿ ಒಡೆಯುತ್ತಿದ್ದರೆ, ಗೊಂಬೆಯನ್ನು ಮೊದಲೇ ತೊಳೆದು ಒಣಗಿಸಿಕೊಳ್ಳುತ್ತಾನೆ.

ಗ್ಲೇಜ್ ಹರಿಯುವ ಬಣ್ಣವಲ್ಲ, ನಿಲ್ಲುವ ಬಣ್ಣ. ಅದು ತಗ್ಗನ್ನು ಹುಡುಕಿಕೊಂಡು ಹೋಗದೆ, ಹಚ್ಚಿದ ಕಡೆಯಲ್ಲಿ ಸಮನಾಗಿ ಹರಡಿ ಕೆಳಗಿನ ಬಣ್ಣಕ್ಕೆ ಹೊಸ ಛಾಯೆಯನ್ನು ಕೊಡುತ್ತದೆ. ಬಣ್ಣದ ಗಾಜಿನ ಮೂಲಕ ಹೊರಗೆ ನೋಡಿದರೆ ಹೇಗೆ ಗಿಡಮರಗಳ ಆಕಾರ ಕೆಡದೆ ಅವುಗಳ ಬಣ್ಣ ಮಾತ್ರ ಬೇರೆಯಾಗಿ ತೋರುತ್ತದೆಯೋ ಹಾಗೆ. ನೀಲಿಯ ಮೇಲೆ ಹಳದಿಯ ಗ್ಲೇಜ್ ಕೊಟ್ಟರೆ ಅಲ್ಲಿ ಹಸುರು ಕಾಣುತ್ತದೆ. ಆದರೆ ಅದು ಬಟ್ಟಲಿನಲ್ಲಿ ಕಲಸಿದ ಹಸುರಲ್ಲ.

ಈ ಹಸುರಿನ ಕಾಂತಿಗೆ ಕಾರಣ ಬೆಳಕಿನ ನಡೆ. ಗಟ್ಟಿ ಬಣ್ಣದ ಮೇಲೆ ಬಿದ್ದ ಬೆಳಕು ಬಹುಮಟ್ಟಿಗೆ ಹೊರ ಪದರದಿಂದಲೇ ಹಿಂದಿರುಗುತ್ತದೆ. ತೆಳುವಾದ ಪಾರಕ ಬಣ್ಣದಲ್ಲಿ ಬೆಳಕು ಒಳಹೊಕ್ಕು, ಪದರಗಳನ್ನು ದಾಟಿ, ಅಡಿಯ ಬಿಳುಪನ್ನು ಮುಟ್ಟಿ, ಮತ್ತೆ ಅದೇ ಪದರಗಳ ಮೂಲಕ ಹೊರಬರುತ್ತದೆ. ಹೋಗುವಾಗೊಮ್ಮೆ, ಬರುವಾಗೊಮ್ಮೆ ಬಣ್ಣವನ್ನು ಹಾದುಬರುವುದರಿಂದ ಅದಕ್ಕೊಂದು ಆಳ ಒದಗುತ್ತದೆ. ಮುಖದ ಕೆನ್ನೆಯಲ್ಲಿ ರಕ್ತ ಸಂಚರಿಸುವಂತೆ ತೋರಬೇಕಾದರೆ ಒಂದು ಗಟ್ಟಿ ಕೆಂಪಿನ ಲೇಪದಿಂದ ಆಗದು. ಮೂರು ನಾಲ್ಕು ತಿಳಿಗೆಂಪಿನ ಲೇಪಗಳಿಂದ ಆದೀತು.

ತಿಳಿವರ್ಣದ ಪದರಗಳಿಂದ ಆಳವನ್ನು ಮೂಡಿಸುವ ಈ ವಿದ್ಯೆಯಲ್ಲಿ ಕನ್ನಡ ನಾಡಿಗೆ ದೊಡ್ಡ ಹೆಸರು ತಂದವರು ಕೆ. ವೆಂಕಟಪ್ಪನವರು (1886–1965). ಅವರು ಮೈಸೂರು ಅರಮನೆಯ ಚಿತ್ರಕಾರರ ಮನೆತನದಲ್ಲಿ ಹುಟ್ಟಿದವರು. ಮೈಸೂರಿನ ಅರಸರ ಪ್ರೋತ್ಸಾಹದಿಂದ ಕಲ್ಕತ್ತೆಗೆ ತೆರಳಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. 1903ರಲ್ಲಿ ಜಪಾನಿನ ಚಿತ್ರಕಾರರಾದ ತೈಕಾನ್ ಮತ್ತು ಶುನ್ಸೊ ಕಲ್ಕತ್ತೆಗೆ ಬಂದಿದ್ದರು. ಅವರ ಕೆಲಸವನ್ನು ಕಂಡ ಅವನೀಂದ್ರನಾಥರು ತಮ್ಮದೇ ಆದ ವಾಶ್ ಪದ್ಧತಿಯನ್ನು ರೂಪಿಸಿಕೊಂಡರು. ಕಾಗದದ ಮೇಲೆ ಜಲವರ್ಣದ ತೆಳು ಲೇಪ ಕೊಟ್ಟು, ಒಣಗಿಸಿ, ಕಾಗದವನ್ನು ನೀರಿನಲ್ಲಿ ಅದ್ದುವುದು; ನಿಲ್ಲಲಾರದ ಬಣ್ಣ ತೊಳೆದುಹೋಗಿ, ಕಾಗದದೊಳಕ್ಕೆ ಇಳಿದುದು ಮಾತ್ರ ಉಳಿಯುವುದು; ಮತ್ತೆ ಲೇಪ, ಮತ್ತೆ ಒಣಗಿಕೆ, ಮತ್ತೆ ನೀರು. ಹೀಗೆ ಹಲವು ಬಾರಿ ಮಾಡಿದ ಬಳಿಕ ಚಿತ್ರದ ತುಂಬ ಮಂಜಿನಂತಹ ಮೃದುತ್ವ ಹಬ್ಬುತ್ತದೆ. ಉದಕಮಂಡಲ ಮತ್ತು ಕೊಡೈಕೆನಾಲ್ ಬೆಟ್ಟಗಳನ್ನು ಕುರಿತು ವೆಂಕಟಪ್ಪನವರು ಬರೆದ ನಿಸರ್ಗಚಿತ್ರಗಳಲ್ಲಿ ಕಾವಳ, ಮುಗಿಲು, ಇಳಿಬಿಸಿಲುಗಳು ತಿಳಿವರ್ಣಗಳಲ್ಲಿಯೇ ಮೈದಾಳಿವೆ. ಅವರ ಹೆಸರಿನ ಚಿತ್ರಶಾಲೆ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿದೆ.

ವೆಂಕಟಪ್ಪನವರ ಜಲವರ್ಣಕ್ಕೂ ಇಂದಿನ ಆಕ್ರಿಲಿಕ್ಕಿಗೂ ಒಂದು ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು. ಜಲವರ್ಣದ ಬಂಧಕವಾದ ಗೋಂದು ಒಣಗಿದ ಮೇಲೂ ನೀರಿಗೆ ಕರಗುತ್ತದೆ. ಆದುದರಿಂದ ಅಲ್ಲಿ ತಿದ್ದುವುದಕ್ಕೆ ಸ್ವಲ್ಪ ಅವಕಾಶವುಂಟು. ಆದರೆ ಮೇಲಿನ ಲೇಪದ ತೇವಕ್ಕೆ ಕೆಳಗಿನ ಬಣ್ಣ ಕದಡುವ ಭಯವೂ ಉಂಟು. ಆಕ್ರಿಲಿಕ್ ಒಮ್ಮೆ ಚೆನ್ನಾಗಿ ಒಣಗಿತೆಂದರೆ ಕೆಳಗಿನ ಪದರ ಅಲುಗದು. ಅದರ ಮೇಲೆ ಎಷ್ಟು ಲೇಪಗಳನ್ನಾದರೂ ಕೊಡಬಹುದು. ಆದರೆ ಒಣಗಿದ ತಪ್ಪನ್ನು ತೊಳೆದು ತೆಗೆಯಲಾಗದು. ಆದುದರಿಂದ ಆಕ್ರಿಲಿಕ್ ಬಳಸುವವನ ಎಚ್ಚರವೆಲ್ಲ ಬಣ್ಣ ಹಚ್ಚುವ ಮುನ್ನವೇ ಇರಬೇಕು.

ಈಗ ಕೆಲಸದ ಕ್ರಮವನ್ನು ನೋಡೋಣ. ತೆಂಗಿನ ಸೀಮೆಯಲ್ಲಿ ಬಣ್ಣದ ಬಟ್ಟಲಿಗೆ ಬರವಿಲ್ಲ. ನಾರು ತೆಗೆದು ಒಳಗನ್ನು ಚೆನ್ನಾಗಿ ಉಜ್ಜಿದ ಕರಟಗಳು ನಾಲ್ಕಿದ್ದರೆ ಸಾಕು: ಒಂದು ಬಣ್ಣಕ್ಕೆ, ಒಂದು ಮೀಡಿಯಮ್ಮಿಗೆ, ಒಂದು ಕುಂಚ ತೊಳೆಯುವ ನೀರಿಗೆ, ಒಂದು ಬೆರೆಸುವ ತಿಳಿನೀರಿಗೆ. ಕೊಳವೆ ಬಾವಿಯ ಗಡಸು ನೀರು ಒಣಗಿದಾಗ ಬಿಳಿಯ ಲವಣದ ಕಲೆಯನ್ನು ಉಳಿಸುವುದುಂಟು. ಸೋಸಿದ ಮಳೆನೀರು ಮೇಲು. ಬೇಸಗೆಯಲ್ಲಿ ಬಣ್ಣ ಕುಂಚದಲ್ಲಿಯೇ ಒಣಗುತ್ತದೆಯಾದ್ದರಿಂದ ಬೆಳಗಿನ ತಂಪಿನಲ್ಲಿ, ನೆರಳಿನಲ್ಲಿ ಕೆಲಸ ಮಾಡುವುದು ಒಳ್ಳೆಯದು.

ಮಣ್ಣಿನ ಗೊಂಬೆ ನೀರನ್ನು ಹೀರುತ್ತದೆ. ಬರಿಯ ಮಣ್ಣಿನ ಮೇಲೆ ವಾಶ್ ಕೊಟ್ಟರೆ ಅದು ಹರಿಯುವ ಮೊದಲೇ ಇಂಗಿ ಮಚ್ಚೆಮಚ್ಚೆಯಾಗುತ್ತದೆ. ಆದುದರಿಂದ ಮೊದಲು ಬಿಳಿಯ ಪ್ರೈಮರನ್ನು ತೆಳುವಾಗಿ ಎರಡು ಸಲ ಹಚ್ಚಿ ಒಣಗಿಸಬೇಕು. ಅದರ ಮೇಲೆ ಮೂಲಬಣ್ಣ. ಇದರ ಹದ ಹಾಲಿನಷ್ಟು. ಒಂದು ಲೇಪಕ್ಕೆ ಬಿಳುಪು ಮುಚ್ಚದಿದ್ದರೆ ಗಾಬರಿಪಡದೆ ಇನ್ನೊಂದು ಲೇಪ ಕೊಡಬೇಕು. ಅದು ಒಣಗಿದ ಬಳಿಕ ವಾಶ್. ಇದರ ಹದ ನೀರುಮಜ್ಜಿಗೆಯಷ್ಟು. ಇದರಲ್ಲಿ ನೀರಿನೊಡನೆ ಸ್ವಲ್ಪ ಮೀಡಿಯಮ್ಮನ್ನೂ ಬೆರೆಸಿದರೆ ಬಣ್ಣ ಪುಡಿಯಾಗದು. ಎಲ್ಲಕ್ಕಿಂತ ಮೇಲೆ ಗ್ಲೇಜ್. ಒಂದು ಹನಿ ಬಣ್ಣಕ್ಕೆ ಐದಾರು ಹನಿ ಮೀಡಿಯಂ ಬೆರೆಸಿ, ಬೇಕಾದರೆ ಒಂದೆರಡು ಹನಿ ನೀರು ಸೇರಿಸಿ ನೋಡಬಹುದು. ಬಣ್ಣಗಳ ಗಟ್ಟಿತನ ತಯಾರಕರಿಂದ ತಯಾರಕರಿಗೆ ಬೇರೆಯಾಗಿರುವುದರಿಂದ ಈ ಅಳತೆ ಆರಂಭಕ್ಕೆ ಮಾತ್ರ. ಕೊನೆಯ ತೀರ್ಮಾನ ಕಣ್ಣಿನದು.

ಗ್ಲೇಜ್ ಹಚ್ಚುವಾಗ ಕುಂಚ ತೊಟ್ಟಿಕ್ಕಬಾರದು. ಬಣ್ಣದಲ್ಲಿ ಅದ್ದಿದ ಕುಂಚವನ್ನು ಬಟ್ಟೆಯ ಮೇಲೆ ಒಮ್ಮೆ ಒರಸಿ, ತೇವ ಮಾತ್ರ ಉಳಿಸಿಕೊಳ್ಳಬೇಕು. ಕುಂಚವನ್ನು ಎಲ್ಲಿ ಎತ್ತುತ್ತೇವೆಯೋ ಅಲ್ಲಿ ಬಣ್ಣ ಹೆಚ್ಚು ಸೇರುತ್ತದೆ. ಆದ್ದರಿಂದ ಬೆಳಕಿನ ಕಡೆಯಿಂದ ಆರಂಭಿಸಿ ನೆರಳಿನ ಕಡೆಗೆ ಎಳೆದು ಎತ್ತಬೇಕು. ಹಸಿಯಾದ ಆಕ್ರಿಲಿಕ್ ಬಂಧಕ ಹಾಲಿನಂತೆ ಬೆಳ್ಳಗಿದ್ದು ಒಣಗಿದಾಗ ಪಾರಕವಾಗುತ್ತದೆ; ಹೀಗಾಗಿ ಬಣ್ಣ ಒಣಗಿದ ಮೇಲೆ ತುಸು ಗಾಢವಾಗಿ ತೋರುತ್ತದೆ. ಇದನ್ನರಿಯದವನು ಬಣ್ಣ ಸಾಲದೆಂದು ಮೇಲಿಂದ ಮೇಲೆ ಬಳಿದು ಕೆಡಿಸುತ್ತಾನೆ. ಒಡೆದ ಮಡಕೆಯ ಚೂರಿಗೂ ಅದೇ ಪ್ರೈಮರ್ ಹಚ್ಚಿ, ಅದರ ಮೇಲೆ ಮೊದಲು ಪರೀಕ್ಷಿಸಿ ನೋಡುವುದು ಜಾಣತನ.

ಇನ್ನು ಎಲ್ಲಕ್ಕಿಂತ ಕಠಿಣವಾದ ಕೆಲಸವೆಂದರೆ ಸುಮ್ಮನಿರುವುದು. ಅರೆ ಒಣಗಿದ ಆಕ್ರಿಲಿಕ್ ಪೊರೆ ಬಲಹೀನವಾಗಿರುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಿರುತ್ತದೆ. ಆಗ ಕುಂಚ ಸೋಕಿದರೆ ಪೊರೆ ಕಿತ್ತು, ಅಡಿಯ ಬಿಳುಪು ಗಾಯದಂತೆ ಇಣುಕುತ್ತದೆ. ಅಟ್ಟದ ಕಾಯಿಗೆ ತಿಂಗಳುಗಳು ಬೇಕು. ತೆಳು ಬಣ್ಣಕ್ಕೆ ಕೆಲವು ನಿಮಿಷಗಳು ಸಾಕು, ಮಳೆಗಾಲದಲ್ಲಿ ಇನ್ನಷ್ಟು ಹೆಚ್ಚು. ಆದರೆ ಆ ಕೆಲವು ನಿಮಿಷ ಕಾಯಲಾರದೆ ಕೆಟ್ಟ ಗೊಂಬೆಗಳೇ ಬಹಳ.

ಬಣ್ಣದೊಡನೆ ಬರುವ ಹೊಣೆಯೂ ಒಂದುಂಟು. ಹಿಂದಿನ ಚಿತ್ರಕಾರರು ಬಳಸುತ್ತಿದ್ದ ಬಣ್ಣಗಳಲ್ಲಿ ಕೆಲವು ವಿಷಯುಕ್ತವಾಗಿದ್ದವು: ಬಿಳಿಯ ಸಫೇದದಲ್ಲಿ ಸೀಸ, ಹರಿದಳದಲ್ಲಿ ಶಂಖಪಾಷಾಣದ ಅಂಶ, ಇಂಗಳೀಕದಲ್ಲಿ ಪಾದರಸ. ಶಾಲೆಯ ಮಕ್ಕಳಿಗಾಗಿ ತಯಾರಾದ ಆಕ್ರಿಲಿಕ್ಕಿನಲ್ಲಿ ಈ ಭಯ ಕಡಿಮೆ. ಆದರೂ ಕುಂಚದ ತುದಿಯನ್ನು ಬಾಯಿಯಲ್ಲಿಟ್ಟು ಚೂಪುಮಾಡುವ ಅಭ್ಯಾಸ ಸಲ್ಲದು. ಕುಂಚ ತೊಳೆದ ನೀರು ನೋಡಲು ನೀರಾದರೂ ಅದರಲ್ಲಿರುವುದು ಪ್ಲಾಸ್ಟಿಕ್ಕಿನ ಕಣಗಳು. ಅದನ್ನು ಕೆರೆಗೋ ತೆಂಗಿನ ಪಾತಿಗೋ ಸುರಿಯಬಾರದು. ಹಳೆಯ ಪಾತ್ರೆಯಲ್ಲಿಟ್ಟು ಬಿಸಿಲಿನಲ್ಲಿ ನೀರನ್ನು ಇಂಗಿಸಿ, ತಳದಲ್ಲಿ ಉಳಿದ ಹೊಪ್ಪಳಿಕೆಯನ್ನು ಒಣಕಸದೊಡನೆ ಹಾಕಬೇಕು. ಬಣ್ಣ ಒಣಗುವ ಮುನ್ನವೇ ಕುಂಚವನ್ನು ತೊಳೆಯದಿದ್ದರೆ ಅದು ಕುಂಚವಾಗಿ ಉಳಿಯದೆ ಕಡ್ಡಿಯಾಗುತ್ತದೆ.

ಗಟ್ಟಿ ಬಣ್ಣದ ಕೆಲಸ ಬೇಗ ಮುಗಿಯುತ್ತದೆ, ದೂರದಿಂದ ಕಣ್ಣು ಸೆಳೆಯುತ್ತದೆ. ಆದರೆ ಹತ್ತಿರ ಹೋದಂತೆ ಅದರಲ್ಲಿ ನೋಡುವುದಕ್ಕೆ ಏನೂ ಉಳಿಯುವುದಿಲ್ಲ. ತೆಳುವರ್ಣದ ಕೃತಿ ಇದಕ್ಕೆ ವಿರುದ್ಧವಾದುದು. ಅದರ ಒಂದೊಂದು ಲೇಪವನ್ನೂ ಬೇರೆಯಾಗಿ ನೋಡಿದರೆ ಇದೆಯೋ ಇಲ್ಲವೋ ಎನ್ನುವಷ್ಟು ನವಿರು. ಯಾವ ಲೇಪದಿಂದ ಕೆನ್ನೆಗೆ ಕಳೆ ಬಂತು, ಯಾವುದರಿಂದ ಕಣ್ಣಿನ ಕೆಳಗೆ ನೆರಳು ಬಿತ್ತು ಎಂದು ಬೆರಳಿಟ್ಟು ತೋರಿಸಲಾಗದು. ಆದರೆ ಅವುಗಳಲ್ಲಿ ಒಂದು ಕಡಿಮೆಯಾಗಿದ್ದರೂ ಮುಖ ಮಂಕಾಗುತ್ತಿತ್ತು. ಕೆಳಗಿನದನ್ನು ಮುಚ್ಚದೆ ತನ್ನ ಪಾಲನ್ನು ಸೇರಿಸುವುದೇ ಒಳ್ಳೆಯ ಲೇಪದ ಲಕ್ಷಣ. ನಾಡಿನ ಕಲೆಯೂ ಹಾಗೆಯೇ ಬೆಳೆದಿದೆ. ಹುಣಸೆಯ ಇದ್ದಿಲು ಹಿಡಿದವನ ಮೇಲೆ ಜಲವರ್ಣ ಹಿಡಿದವನು, ಅವನ ಮೇಲೆ ಆಕ್ರಿಲಿಕ್ ಹಿಡಿದ ಇಂದಿನ ವಿದ್ಯಾರ್ಥಿ. ಹಿಂದಿನವರ ಗೆರೆ ಕಾಣುವಂತೆ ತನ್ನ ಬಣ್ಣವನ್ನು ಹಚ್ಚಬಲ್ಲವನೇ ಹದವನ್ನು ಬಲ್ಲವನು.

ಪದಗಳ ಅರ್ಥ

ಕರಟ – ತೆಂಗಿನಕಾಯಿಯ ಚಿಪ್ಪು
ಗಿಟುಕು – ಇಡಿಯಾದ ಒಣಕೊಬ್ಬರಿ
ವರ್ಣದ್ರವ್ಯ – ಬಣ್ಣ ಕೊಡುವ ಪುಡಿ
ಬಂಧಕ – ಕಣಗಳನ್ನು ಕೂಡಿಸಿ ಹಿಡಿಯುವ ವಸ್ತು
ಪಾರಕ – ಬೆಳಕು ಹಾದುಹೋಗಲು ಬಿಡುವಂತಹುದು
ಇಂಗಳೀಕ – ಪಾದರಸದ ಅಂಶವುಳ್ಳ ಕೆಂಪು ಬಣ್ಣ
ಕಾವಳ – ಮಂಜು ಮುಸುಕಿದ ಮಬ್ಬು

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿ.
1. ಬಣ್ಣದಲ್ಲಿರುವ ಮೂರು ಮುಖ್ಯ ಅಂಶಗಳು ಯಾವುವು?
2. ದಶಾವತಾರ ಗಂಜೀಫದಲ್ಲಿ ಒಟ್ಟು ಎಷ್ಟು ಎಲೆಗಳಿರುತ್ತವೆ?
3. ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಯಾರ ಶಿಷ್ಯರಾಗಿದ್ದರು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ.
1. ಬಣ್ಣಕ್ಕೆ ನೀರು ಅತಿಯಾದರೆ ಆಗುವ ಕೆಡುಕೇನು? ಅದಕ್ಕೆ ಪರಿಹಾರವೇನು?
2. ವಾಶ್ ಮತ್ತು ಗ್ಲೇಜ್‌ಗಳಿಗಿರುವ ವ್ಯತ್ಯಾಸವನ್ನು ತಿಳಿಸಿ.
3. ಹನಿ ಒಣಗಿದಾಗ ಅಂಚಿನಲ್ಲಿ ಗಾಢವಾದ ಗೆರೆ ಉಳಿಯುವುದೇಕೆ?

ಇ. ಸಂದರ್ಭದೊಡನೆ ವಿವರಿಸಿ.
1. “ಗೊಂಬೆಯ ಆಕಾರವೇ ಬರೆಯುತ್ತದೆ.”
2. “ಎಲ್ಲಕ್ಕಿಂತ ಕಠಿಣವಾದ ಕೆಲಸವೆಂದರೆ ಸುಮ್ಮನಿರುವುದು.”

ಈ. ಮಾಡಿ ನೋಡಿ.
ಮಡಕೆಯ ಚೂರೊಂದಕ್ಕೆ ಬಿಳಿ ಬಣ್ಣ ಹಚ್ಚಿ ಒಣಗಿಸಿ. ಅದರ ಅರ್ಧ ಭಾಗಕ್ಕೆ ಗಟ್ಟಿ ಕೆಂಪು ಬಣ್ಣದ ಒಂದು ಲೇಪವನ್ನೂ ಉಳಿದ ಅರ್ಧಕ್ಕೆ ಅದೇ ಬಣ್ಣದ ನಾಲ್ಕು ತೆಳು ಲೇಪಗಳನ್ನೂ ಕೊಟ್ಟು, ಎರಡರ ವ್ಯತ್ಯಾಸವನ್ನು ಬರೆಯಿರಿ.